ಸಾವಿರ ನಿಯಮ, ಒಂದೇ ತೀರ್ಮಾನ: ಗಣಕ ತನ್ನ ಬಾಗಿಲನ್ನು ಕಾಯುವ ಬಗೆ

ರಾತ್ರಿ ಎರಡು ಗಂಟೆ. ರಸ್ತೆ ಅಪಘಾತದಲ್ಲಿ ಗಾಯಗೊಂಡ ಒಬ್ಬರನ್ನು ದೊಡ್ಡ ಆಸ್ಪತ್ರೆಯೊಂದಕ್ಕೆ ಕರೆತಂದಿದ್ದಾರೆ ಎಂದಿಟ್ಟುಕೊಳ್ಳಿ. ಅವರಿಗೆ ಪ್ರಜ್ಞೆ ಇಲ್ಲ. ಯಾವ ಔಷಧ ಅವರಿಗೆ ಒಗ್ಗುವುದಿಲ್ಲ, ಹಿಂದೆ ಯಾವ ಕಾಯಿಲೆಗೆ ಚಿಕಿತ್ಸೆ ಪಡೆದಿದ್ದರು ಎಂಬ ವಿವರ ಆಸ್ಪತ್ರೆಯ ಗಣಕದಲ್ಲಿದೆ. ಪಾಳಿಯಲ್ಲಿರುವ ವೈದ್ಯೆ ರೋಗಿಯ ಹೆಸರಿನ ಮೇಲೆ ಮೌಸ್ ಒತ್ತುತ್ತಾರೆ. ಕಡತ ತೆರೆಯುವ ಮೊದಲು ಗಣಕ ತನ್ನಲ್ಲೇ ಕೆಲವು ಪ್ರಶ್ನೆ ಕೇಳಿಕೊಳ್ಳುತ್ತದೆ. ಕೇಳುತ್ತಿರುವವರು ಯಾರು? ವೈದ್ಯರೇ? ಯಾವ ವಿಭಾಗದವರು? ಈಗ ಅವರ ಪಾಳಿಯೇ? ಈ ಕಡತವನ್ನು ಗೋಪ್ಯವಾಗಿಡಬೇಕೆಂದು ರೋಗಿ ಕೋರಿದ್ದಾರೆಯೇ? ಇದು ತುರ್ತು ಸಂದರ್ಭವೇ?

ಇಲ್ಲಿ ಗಣಕ ಮೂರು ಬಗೆಯಲ್ಲಿ ತಪ್ಪಬಹುದು. ನೋಡಬಾರದವರಿಗೆ ಕಡತ ತೋರಿಸಬಹುದು. ನೋಡಲೇಬೇಕಾದವರಿಗೆ ಬಾಗಿಲು ಮುಚ್ಚಬಹುದು. ಇನ್ನು ಮೂರನೆಯದು, ಸರಿಯಾದ ಉತ್ತರವನ್ನೇ ತಡವಾಗಿ ಕೊಡಬಹುದು. ಮೊದಲ ಎರಡನ್ನು ಎಲ್ಲರೂ ತಪ್ಪೆಂದು ಒಪ್ಪುತ್ತಾರೆ. ಮೂರನೆಯದನ್ನು ಬರಿಯ ಅನನುಕೂಲವೆಂದು ಬಿಟ್ಟುಬಿಡುವುದುಂಟು. ಆದರೆ ಪ್ರತಿ ಸಲ ಬಾಗಿಲು ತೆರೆಯಲು ಹೊತ್ತಾದರೆ ಜನ ಬೇರೆ ದಾರಿ ಹುಡುಕುತ್ತಾರೆ. ಒಬ್ಬರು ಬೆಳಿಗ್ಗೆ ತೆರೆದಿಟ್ಟ ಗಣಕವನ್ನೇ ಎಲ್ಲರೂ ಬಳಸುತ್ತಾರೆ. ಪಾಸ್‌ವರ್ಡ್ ಬರೆದ ಚೀಟಿ ಮೇಜಿನ ಗಾಜಿನ ಅಡಿ ಸೇರುತ್ತದೆ. ಆಗ ಅತ್ಯುತ್ತಮ ನಿಯಮಗಳೂ ಕಾಗದದ ಮೇಲೆ ಉಳಿಯುತ್ತವೆ. ಹಾಗಾಗಿ ವೇಗವೂ ಸುರಕ್ಷತೆಯ ಒಂದು ಭಾಗ. ಉತ್ತರವನ್ನು ಎಳ್ಳಷ್ಟೂ ಬದಲಿಸದೆ ಆ ವೇಗವನ್ನು ಪಡೆಯುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಪಟ್ಟಿ, ಪಾತ್ರ, ಗುಣಲಕ್ಷಣ

ಯಾರು ಏನನ್ನು ಬಳಸಬಹುದು ಎಂಬುದನ್ನು ತೀರ್ಮಾನಿಸುವ ಕೆಲಸಕ್ಕೆ 'ಪ್ರವೇಶ ನಿಯಂತ್ರಣ' ಎಂದು ಹೆಸರು. 1971ರಲ್ಲಿ ಅಮೆರಿಕದ ಗಣಕ ವಿಜ್ಞಾನಿ ಬಟ್ಲರ್ ಲ್ಯಾಂಪ್ಸನ್ ಇದನ್ನು ಒಂದು ಕೋಷ್ಟಕವಾಗಿ ಚಿತ್ರಿಸಿದರು. ಅಡ್ಡಸಾಲಿಗೆ ಒಬ್ಬ ಬಳಕೆದಾರ, ಕಂಬಸಾಲಿಗೆ ಒಂದು ವಸ್ತು. ಅವು ಸಂಧಿಸುವ ಮನೆಯಲ್ಲಿ ಆ ವ್ಯಕ್ತಿಗೆ ಆ ವಸ್ತುವಿನ ಮೇಲಿರುವ ಹಕ್ಕು. ಕಲ್ಪನೆ ಸರಳ, ಸ್ಪಷ್ಟ. ಆದರೆ 2,000 ಸಿಬ್ಬಂದಿ ಮತ್ತು 5 ಲಕ್ಷ ಕಡತಗಳಿರುವ ಆಸ್ಪತ್ರೆಯಲ್ಲಿ ಈ ಕೋಷ್ಟಕಕ್ಕೆ 100 ಕೋಟಿ ಮನೆಗಳು ಬೇಕು. ಅವನ್ನು ತುಂಬುವವರು ಯಾರು?

1992ರಲ್ಲಿ ಡೇವಿಡ್ ಫೆರಾಯೊಲೊ ಮತ್ತು ರಿಚರ್ಡ್ ಕುನ್ ಇದಕ್ಕೊಂದು ಪರಿಹಾರವನ್ನು ಕ್ರಮಬದ್ಧವಾಗಿ ನಿರೂಪಿಸಿದರು. ಹಕ್ಕನ್ನು ವ್ಯಕ್ತಿಗೆ ಕೊಡುವ ಬದಲು 'ಪಾತ್ರ'ಕ್ಕೆ ಕೊಡುವುದು. ವೈದ್ಯ, ನರ್ಸ್, ಲೆಕ್ಕಿಗ ಎಂಬ ಪಾತ್ರಗಳಿಗೆ ಜನರನ್ನು ಸೇರಿಸುವುದು. ಇದು ಬಹಳ ಕಾಲದಿಂದ ಚೆನ್ನಾಗಿ ನಡೆದುಬಂದಿದೆ. ಆದರೆ ಪಾತ್ರದ ಜೊತೆಗೆ ವಿಭಾಗ, ಪಾಳಿ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದಾಗ ತೊಡಕು ಶುರು. 10 ಪಾತ್ರ, 20 ವಿಭಾಗ, 3 ಪಾಳಿ ಇದ್ದರೆ 'ಮಕ್ಕಳ ವಿಭಾಗದ ರಾತ್ರಿ ಪಾಳಿಯ ನರ್ಸ್' ಎಂಬಂಥ 600 ಪಾತ್ರಗಳನ್ನು ಹುಟ್ಟಿಸಬೇಕಾಗುತ್ತದೆ.

ಮುಂದಿನ ಹೆಜ್ಜೆ 'ಗುಣಲಕ್ಷಣಾಧಾರಿತ ಪ್ರವೇಶ ನಿಯಂತ್ರಣ'. ಇಲ್ಲಿ ಹೆಸರಿನ ಪಟ್ಟಿ ಇರುವುದಿಲ್ಲ. ಕೇಳುವವರ ಗುಣಲಕ್ಷಣ (ಪಾತ್ರ, ವಿಭಾಗ, ಪಾಳಿ), ವಸ್ತುವಿನ ಗುಣಲಕ್ಷಣ (ಯಾವ ವಿಭಾಗದ ರೋಗಿ, ಗೋಪ್ಯವೇ), ಮಾಡಬೇಕೆಂದಿರುವ ಕ್ರಿಯೆ (ಓದುವುದು, ತಿದ್ದುವುದು), ಪರಿಸರದ ಗುಣಲಕ್ಷಣ (ಸಮಯ, ಸ್ಥಳ, ಸಂದರ್ಭ) ಎಂಬ ನಾಲ್ಕು ಗುಂಪುಗಳನ್ನು ನೋಡಿ ತೀರ್ಮಾನ ಆಗುತ್ತದೆ. 'ವೈದ್ಯರ ವಿಭಾಗವೂ ರೋಗಿಯ ವಿಭಾಗವೂ ಒಂದೇ ಆಗಿದ್ದರೆ ಓದಬಹುದು' ಎಂಬ ಒಂದೇ ಸಾಲು ಇಪ್ಪತ್ತು ವಿಭಾಗಗಳಿಗೂ ಸಾಕು. ಹೊಸ ವೈದ್ಯರು ಸೇರಿದರೂ ಈ ಸಾಲನ್ನು ಮುಟ್ಟಬೇಕಾಗಿಲ್ಲ. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ 2014ರಲ್ಲಿ ಈ ವಿಧಾನಕ್ಕೆ ಮಾರ್ಗದರ್ಶಿಯೊಂದನ್ನು ಪ್ರಕಟಿಸಿತು.

ಈ ಅನುಕೂಲಕ್ಕೆ ಒಂದು ಬೆಲೆ ಇದೆ. ಕೋಷ್ಟಕದಲ್ಲಾದರೆ ಉತ್ತರ ಸಿದ್ಧವಾಗಿ ಬರೆದಿರುತ್ತದೆ, ನೋಡಿದರೆ ಸಾಕು. ಇಲ್ಲಿ ಪ್ರತಿ ಸಲವೂ ಉತ್ತರವನ್ನು ಲೆಕ್ಕ ಹಾಕಿ ತೆಗೆಯಬೇಕು.

ನಿಯಮದ ಅಂಗಾಂಗ

ಇಂಥ ನಿಯಮಗಳನ್ನು ಬರೆಯಲು ಓಯಸಿಸ್ ಎಂಬ ಮಾನಕ ಸಂಸ್ಥೆ 2003ರಲ್ಲಿ ಎಕ್ಸ್‌ಎಸಿಎಂಎಲ್ ಎಂಬ ಭಾಷೆಯ ಮೊದಲ ಆವೃತ್ತಿಯನ್ನು ಹೊರತಂದಿತು. ಮೂರನೆಯ ಆವೃತ್ತಿ ಬಂದದ್ದು 2013ರಲ್ಲಿ. ಇದರಲ್ಲಿ ಒಂದು ನಿಯಮಕ್ಕೆ ಮೂರು ಅಂಗಗಳು: ಯಾವ ಬಗೆಯ ಕೋರಿಕೆಗೆ ಈ ನಿಯಮ ಸಂಬಂಧಿಸಿದೆ ಎಂದು ಹೇಳುವ 'ಗುರಿ', ಪೂರೈಸಬೇಕಾದ 'ಷರತ್ತು', ಮತ್ತು ಫಲ. ಫಲ 'ಒಪ್ಪಿಗೆ' ಇಲ್ಲವೇ 'ನಿರಾಕರಣೆ'. ಹಲವು ನಿಯಮ ಸೇರಿದರೆ ಒಂದು 'ನೀತಿ'.

ನಮ್ಮ ಕಲ್ಪನೆಯ ಆಸ್ಪತ್ರೆಗೆ ನಾಲ್ಕು ನಿಯಮ ಬರೆಯೋಣ. ಮುಂದೆ ಇವೇ ನಮ್ಮ ಉದಾಹರಣೆ.

ನಿಯಮ 1: ಕಡತ ಗೋಪ್ಯವಾಗಿದ್ದು, ಸಂದರ್ಭ ತುರ್ತಿನದಲ್ಲದಿದ್ದರೆ ನಿರಾಕರಣೆ.
ನಿಯಮ 2: ಕೇಳುವವರು ವೈದ್ಯರಾಗಿದ್ದು, ಅವರ ವಿಭಾಗ ರೋಗಿಯ ವಿಭಾಗವೇ ಆಗಿದ್ದರೆ ಒಪ್ಪಿಗೆ.
ನಿಯಮ 3: ಕೇಳುವವರು ನರ್ಸ್ ಆಗಿದ್ದು, ವಿಭಾಗ ಒಂದೇ ಆಗಿದ್ದು, ಪಾಳಿಯಲ್ಲಿದ್ದರೆ ಒಪ್ಪಿಗೆ.
ನಿಯಮ 4: ಕೇಳುವವರು ವೈದ್ಯರಾಗಿದ್ದು, ತುರ್ತು ಚಿಕಿತ್ಸಾ ವಿಭಾಗದ ಪಾಳಿಯಲ್ಲಿದ್ದರೆ ಒಪ್ಪಿಗೆ.
ಯಾವುದೂ ಹೊಂದದಿದ್ದರೆ ನಿರಾಕರಣೆ.

ಒಂದೇ ಕೋರಿಕೆಗೆ ಎರಡು ನಿಯಮ ಹೊಂದಿ, ಒಂದು 'ಕೊಡು' ಎಂದೂ ಇನ್ನೊಂದು 'ಬೇಡ' ಎಂದೂ ಹೇಳಿದರೆ? ಆಗ 'ಸಂಯೋಜನಾ ವಿಧಾನ' ನೆರವಿಗೆ ಬರುತ್ತದೆ. ಅದರಲ್ಲಿ ಎರಡು ಬಗೆ ಮುಖ್ಯ. 'ಮೊದಲು ಹೊಂದಿದ್ದೇ ಅಂತಿಮ' ಎಂಬುದು ಒಂದು. ಮೇಲಿನಿಂದ ಓದುತ್ತಾ ಹೋಗಿ, ಮೊದಲು ಹೊಂದಿದ ನಿಯಮದ ಫಲವನ್ನೇ ಉತ್ತರವಾಗಿ ಕೊಡುವುದು. 'ನಿರಾಕರಣೆಯೇ ಮೇಲು' ಎಂಬುದು ಇನ್ನೊಂದು. ಎಷ್ಟೇ ನಿಯಮಗಳು ಒಪ್ಪಿದರೂ ಒಂದು ನಿರಾಕರಿಸಿದರೆ ಅದೇ ಕೊನೆಯ ಮಾತು.

ನಿಧಾನ ಎಲ್ಲಿಂದ ಬರುತ್ತದೆ?

ನಾಲ್ಕು ನಿಯಮಗಳನ್ನು ಓದಲು ಗಣಕಕ್ಕೆ ಹೊತ್ತೇ ಬೇಡ. ದೊಡ್ಡ ಸಂಸ್ಥೆಗಳ ನೀತಿಯಲ್ಲಿ ಸಾವಿರಾರು ನಿಯಮಗಳಿರುತ್ತವೆ. ಒಂದು ಲೆಕ್ಕ ಮಾಡಿ ನೋಡಿ. 10,000 ನಿಯಮಗಳಿವೆ, ಪ್ರತಿಯೊಂದರಲ್ಲೂ 4 ಹೋಲಿಕೆಗಳಿವೆ, ಒಂದು ಹೋಲಿಕೆಗೆ 0.1 ಮೈಕ್ರೋಸೆಕೆಂಡ್ ಹಿಡಿಯುತ್ತದೆ ಎಂದುಕೊಳ್ಳಿ. ಎಲ್ಲವನ್ನೂ ಓದಲು 40,000 ಹೋಲಿಕೆ, ಅಂದರೆ 4,000 ಮೈಕ್ರೋಸೆಕೆಂಡ್ ಅಥವಾ 4 ಮಿಲಿಸೆಕೆಂಡ್.

ಇಷ್ಟೇ ತಾನೇ ಎನಿಸಬಹುದು. ಆದರೆ ವಾರ್ಡಿನ ಪರದೆಯ ಮೇಲೆ 50 ರೋಗಿಗಳ ಪಟ್ಟಿ ಬರಬೇಕಾದರೆ 50 ತೀರ್ಮಾನಗಳು ಬೇಕು. ಅದಕ್ಕೆ 200 ಮಿಲಿಸೆಕೆಂಡ್. ಬೆಳಗಿನ ಸುತ್ತಿನ ಹೊತ್ತಿಗೆ 300 ಮಂದಿ ಒಟ್ಟಿಗೆ ತಮ್ಮ ಪಟ್ಟಿ ಕೇಳಿದರೆ ಒಟ್ಟು 60 ಸೆಕೆಂಡುಗಳ ಕೆಲಸ. ಒಂದೇ ಸಂಸ್ಕಾರಕ ಇದ್ದರೆ ಸರತಿಯ ಕೊನೆಯವರು ಒಂದು ನಿಮಿಷ ಕಾಯಬೇಕು. ಇದಿನ್ನೂ ನಿಯಮ ಓದುವ ಖರ್ಚು ಮಾತ್ರ. 'ಈಗ ಇವರು ಪಾಳಿಯಲ್ಲಿದ್ದಾರೆಯೇ' ಎಂದು ಬೇರೊಂದು ಗಣಕವನ್ನು ಕೇಳಿ ತಿಳಿಯಬೇಕಾದರೆ ಅದರ ಖರ್ಚು ಬೇರೆ.

ಇನ್ನೂ ವೇಗದ ಗಣಕ ಕೊಳ್ಳಬಹುದಲ್ಲ ಎಂದು ನೀವು ಕೇಳಬಹುದು. ಎರಡರಷ್ಟು ವೇಗದ ಗಣಕ ತಂದರೆ ಕಾಯುವ ಹೊತ್ತು ಅರ್ಧಕ್ಕಿಳಿಯುತ್ತದೆ, ಅಷ್ಟೇ. ನಿಯಮಗಳು ಇಮ್ಮಡಿಯಾದ ದಿನ ಮತ್ತೆ ಮೊದಲಿನ ಸ್ಥಿತಿ. ದಾರಿ ಬೇರೆಯೇ ಇದೆ: ಹೆಚ್ಚಿನ ನಿಯಮಗಳನ್ನು ಓದದೆಯೇ ಉತ್ತರ ಹೇಳುವುದು.

ಸಂಬಂಧವಿಲ್ಲದ್ದನ್ನು ಓದದಿರುವುದು

ಗ್ರಂಥಾಲಯದಲ್ಲಿ ಖಗೋಳ ವಿಜ್ಞಾನದ ಪುಸ್ತಕ ಬೇಕಾದರೆ ನೀವು ಎಲ್ಲ ಕಪಾಟುಗಳನ್ನೂ ಜಾಲಾಡುವುದಿಲ್ಲ. ವಿಷಯಸೂಚಿ ನೋಡಿ ನೇರವಾಗಿ ಒಂದು ಕಪಾಟಿಗೆ ಹೋಗುತ್ತೀರಿ. ನಿಯಮಗಳನ್ನೂ ಹೀಗೆ ಗುರಿಯ ಪ್ರಕಾರ ಮೊದಲೇ ಖಾನೆಗಳಲ್ಲಿ ವಿಂಗಡಿಸಿಡಬಹುದು: ವೈದ್ಯರ ಖಾನೆ, ನರ್ಸ್‌ಗಳ ಖಾನೆ, ಲೆಕ್ಕಿಗರ ಖಾನೆ. ಕೋರಿಕೆ ಬಂದಾಗ ಪಾತ್ರ ನೋಡಿ ಒಂದು ಖಾನೆಯನ್ನು ಮಾತ್ರ ತೆರೆಯುವುದು.

ಇಲ್ಲಿ ಒಂದು ಹೊಂಡ ಇದೆ. ನಮ್ಮ ನಿಯಮ 1 ಯಾವ ಪಾತ್ರವನ್ನೂ ಹೆಸರಿಸಿಲ್ಲ. ಅದು ಎಲ್ಲರಿಗೂ ಅನ್ವಯ. ಹಾಗಾಗಿ ಅದನ್ನು ಎಲ್ಲ ಖಾನೆಗಳಲ್ಲೂ ಇಡಬೇಕು. ಹೆಸರಿಲ್ಲದ ನಿಯಮವನ್ನು 'ಇತರೆ' ಎಂಬ ಖಾನೆಗೆ ಹಾಕಿ ಮರೆತರೆ ಏನಾಗುತ್ತದೆ? ವೈದ್ಯರ ಖಾನೆಯಲ್ಲಿ ನಿರಾಕರಣೆಯ ನಿಯಮವೇ ಇರುವುದಿಲ್ಲ. ಗೋಪ್ಯ ಕಡತ ಸುಮ್ಮನೆ ತೆರೆದುಕೊಳ್ಳುತ್ತದೆ. ತಂತ್ರಾಂಶ ಎಲ್ಲೂ ನಿಲ್ಲುವುದಿಲ್ಲ, ದೋಷದ ಸಂದೇಶವೂ ಬರುವುದಿಲ್ಲ; ಮೊದಲಿಗಿಂತ ವೇಗವಾಗಿ ತಪ್ಪು ಉತ್ತರ ಬರುತ್ತದೆ. ಇಂಥ ತಪ್ಪನ್ನು ಪತ್ತೆ ಹಚ್ಚುವುದು ಕಷ್ಟ.

ಇನ್ನೊಂದು ಸಣ್ಣ ಉಪಾಯ, ಪದಗಳಿಗೆ ಬದಲು ಸಂಖ್ಯೆಗಳನ್ನು ಬಳಸುವುದು. 'ಮಕ್ಕಳ ವಿಭಾಗ' ಎಂಬ ಪದಪುಂಜವನ್ನು ಅಕ್ಷರ ಅಕ್ಷರವಾಗಿ ಹೋಲಿಸುವ ಬದಲು ಅದಕ್ಕೆ 7 ಎಂಬ ಸಂಖ್ಯೆ ಕೊಟ್ಟರೆ ಒಂದೇ ಹೋಲಿಕೆಯಲ್ಲಿ ಕೆಲಸ ಮುಗಿಯುತ್ತದೆ. ಆ ಸಂಖ್ಯೆಯನ್ನೇ ಕೋಷ್ಟಕದ ಮನೆಯ ಕ್ರಮಾಂಕವಾಗಿಯೂ ಬಳಸಬಹುದು.

ಕ್ರಮ ಬದಲಾದರೆ ಉತ್ತರ ಬದಲಾದೀತೇ?

ವೇಗಕ್ಕಾಗಿ ನಿಯಮಗಳನ್ನು ಹಿಂದೆ ಮುಂದೆ ಸರಿಸಬಹುದೇ? ಉತ್ತರ ಸಂಯೋಜನಾ ವಿಧಾನವನ್ನು ಅವಲಂಬಿಸಿದೆ.

ಮಕ್ಕಳ ವಿಭಾಗದ ವೈದ್ಯರೊಬ್ಬರು ತಮ್ಮ ವಿಭಾಗದ ಒಂದು ಗೋಪ್ಯ ಕಡತವನ್ನು ಸಾಮಾನ್ಯ ಸಂದರ್ಭದಲ್ಲಿ ಕೇಳುತ್ತಾರೆ ಎನ್ನೋಣ. 'ಮೊದಲು ಹೊಂದಿದ್ದೇ ಅಂತಿಮ' ಎಂಬ ವಿಧಾನದಲ್ಲಿ ನಿಯಮ 1 ಮೊದಲಿದ್ದರೆ ನಿರಾಕರಣೆ. ನಿಯಮ 2ನ್ನು ಹೆಚ್ಚು ಬಳಕೆಯಾಗುತ್ತದೆಂಬ ಕಾರಣಕ್ಕೆ ಮೇಲಕ್ಕೆ ತಂದರೆ ಒಪ್ಪಿಗೆ! ನಿಯಮಗಳ ಮಾತಿನಲ್ಲಿ ಒಂದಕ್ಷರವೂ ಬದಲಾಗದೆ ರೋಗಿಯ ಗುಟ್ಟು ಬಯಲಾಯಿತು. 'ನಿರಾಕರಣೆಯೇ ಮೇಲು' ಎಂಬ ವಿಧಾನದಲ್ಲಿ ಈ ಅಪಾಯ ಇಲ್ಲ. ಯಾವ ಕ್ರಮದಲ್ಲಿ ಓದಿದರೂ ಕೊನೆಗೆ ನಿರಾಕರಣೆಯೇ ಉಳಿಯುತ್ತದೆ. ಸಂಕಲನದಲ್ಲಿ ಸಂಖ್ಯೆಗಳ ಕ್ರಮ ಬದಲಿಸಿದರೂ ಮೊತ್ತ ಬದಲಾಗದು, ವ್ಯವಕಲನದಲ್ಲಿ ಬದಲಾಗುತ್ತದೆ. ಇದೂ ಅಂಥದ್ದೇ ವ್ಯತ್ಯಾಸ.

'ನಿರಾಕರಣೆಯೇ ಮೇಲು' ವಿಧಾನಕ್ಕೂ ಒಂದು ಕಷ್ಟ ಇದೆ. ಒಂದು ಒಪ್ಪಿಗೆ ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸುವಂತಿಲ್ಲ. ಮುಂದೆಲ್ಲೋ ನಿರಾಕರಣೆ ಕಾದಿರಬಹುದು. ಹಾಗಾದರೆ ನಿರಾಕರಣೆಯ ನಿಯಮಗಳನ್ನೆಲ್ಲ ಮೊದಲಿಗೂ ಒಪ್ಪಿಗೆಯ ನಿಯಮಗಳನ್ನೆಲ್ಲ ಅವುಗಳ ನಂತರವೂ ಇಟ್ಟರೆ? ಆಗ ಮೊದಲು ಹೊಂದಿದ ನಿಯಮದಲ್ಲೇ ನಿಲ್ಲಬಹುದು, ಉತ್ತರವೂ ಬದಲಾಗದು. ಹೀಗೆ ಒಂದು ವಿಧಾನದ ನೀತಿಯನ್ನು ಅದೇ ಅರ್ಥದ ಇನ್ನೊಂದು ರೂಪಕ್ಕೆ ತರುವುದನ್ನು 'ಸಾಮಾನ್ಯೀಕರಣ' ಎನ್ನಬಹುದು. ನೀತಿಯೊಳಗೆ ನೀತಿ, ಅದರೊಳಗೆ ಇನ್ನೊಂದು ನೀತಿ ಇರುವಾಗ ಈ ಕೆಲಸ ಇಷ್ಟು ಸುಲಭವಲ್ಲ. ಆದರೆ ತತ್ತ್ವ ಇದೇ.

ನಿಯಮಗಳಿಂದ ಮರಕ್ಕೆ

ಈಗ ಮುಖ್ಯ ಉಪಾಯಕ್ಕೆ ಬರೋಣ. ನಿಯಮಗಳನ್ನು ಪಟ್ಟಿಯಾಗಿ ಇಡದೆ ಪ್ರಶ್ನೆಗಳ ಮರವಾಗಿ ಕಟ್ಟುವುದು. ಬುಡದಲ್ಲಿ ಒಂದು ಪ್ರಶ್ನೆ; ಉತ್ತರಕ್ಕೆ ತಕ್ಕಂತೆ ಒಂದು ಕೊಂಬೆ; ಅಲ್ಲಿ ಮುಂದಿನ ಪ್ರಶ್ನೆ; ತುದಿಯ ಎಲೆಯಲ್ಲಿ ತೀರ್ಮಾನ.

ನಮ್ಮ ನಾಲ್ಕು ನಿಯಮಗಳ ಮರ ಹೀಗಿರುತ್ತದೆ. ಮೊದಲ ಪ್ರಶ್ನೆ: ಕಡತ ಗೋಪ್ಯವೇ? ಹೌದಾದರೆ, ಸಂದರ್ಭ ತುರ್ತಿನದೇ? ಅಲ್ಲವಾದರೆ ಅಲ್ಲಿಗೇ ನಿರಾಕರಣೆ; ಎರಡೇ ಪ್ರಶ್ನೆಗೆ ಮುಗಿಯಿತು. ಕಡತ ಗೋಪ್ಯವಲ್ಲದಿದ್ದರೆ ಮುಂದಿನ ಪ್ರಶ್ನೆ: ಪಾತ್ರ ಯಾವುದು? ಲೆಕ್ಕಿಗರಾದರೆ ನಿರಾಕರಣೆ. ವೈದ್ಯರಾದರೆ ವಿಭಾಗ ಕೇಳು. ಒಂದೇ ಆಗಿದ್ದರೆ ಒಪ್ಪಿಗೆ, ಬೇರೆಯಾದರೆ ತುರ್ತು ಚಿಕಿತ್ಸಾ ವಿಭಾಗದ ಪಾಳಿಯೇ ಎಂದು ಕೇಳು. ನರ್ಸ್ ಆದರೆ ವಿಭಾಗವನ್ನೂ ಪಾಳಿಯನ್ನೂ ಕೇಳು.

ಗಮನಿಸಿ: ಇಲ್ಲಿ ಪ್ರಶ್ನೆಗಳ ಸಂಖ್ಯೆ ಗುಣಲಕ್ಷಣಗಳ ಸಂಖ್ಯೆಯನ್ನು ಮೀರುವುದಿಲ್ಲ. ನಿಯಮಗಳು ನಾಲ್ಕಿರಲಿ, ಹತ್ತು ಸಾವಿರವಿರಲಿ, ಐದಾರು ಗುಣಲಕ್ಷಣಗಳಿದ್ದರೆ ಐದಾರು ಹೆಜ್ಜೆಗಳಲ್ಲೇ ಉತ್ತರ. ಸಮಯದಂಥ ಸಂಖ್ಯಾರೂಪದ ಗುಣಲಕ್ಷಣ ಇದ್ದರೆ ಅರ್ಧರ್ಧ ಮಾಡುತ್ತಾ ಹುಡುಕಬಹುದು. 10,000 ತುಂಡುಗಳಲ್ಲಿ ಬೇಕಾದ ಒಂದನ್ನು ಹುಡುಕಲು 14 ಹೋಲಿಕೆ ಸಾಕು, ಏಕೆಂದರೆ 2ನ್ನು 14 ಬಾರಿ ಗುಣಿಸಿದರೆ 16,384 ಆಗುತ್ತದೆ.

ಇದು ಬರಿಯ ಕಲ್ಪನೆಯಲ್ಲ. 2008ರಲ್ಲಿ ಅಮೆರಿಕದ ಅಲೆಕ್ಸ್ ಲ್ಯೂ ಮತ್ತು ಸಂಗಡಿಗರು ಎಕ್ಸ್‌ಎಂಜಿನ್ ಎಂಬ ತಂತ್ರಾಂಶವನ್ನು ರೂಪಿಸಿ ವಿವರಿಸಿದರು. ಅವರು ಮಾಡಿದ್ದು ಮೇಲೆ ಹೇಳಿದ ಮೂರೇ ಕೆಲಸ: ಪದಗಳನ್ನು ಸಂಖ್ಯೆಗಳಾಗಿಸುವುದು, ಎಲ್ಲ ನೀತಿಗಳನ್ನೂ 'ಮೊದಲು ಹೊಂದಿದ್ದೇ ಅಂತಿಮ' ಎಂಬ ಒಂದೇ ರೂಪಕ್ಕೆ ತರುವುದು, ಆಮೇಲೆ ಅವನ್ನು ಮರವಾಗಿ ಕಟ್ಟುವುದು. ಆಗ ವ್ಯಾಪಕ ಬಳಕೆಯಲ್ಲಿದ್ದ ಸನ್ ಸಂಸ್ಥೆಯ ತಂತ್ರಾಂಶದೊಡನೆ ಅದನ್ನು ಹೋಲಿಸಿದರು. ನೂರಾರು ನಿಯಮಗಳಿದ್ದಾಗ ಎಕ್ಸ್‌ಎಂಜಿನ್ ಹತ್ತರಿಂದ ನೂರು ಪಟ್ಟಿನಷ್ಟು ವೇಗವಾಗಿತ್ತು. ಸಾವಿರಾರು ನಿಯಮಗಳಿದ್ದಾಗ ಸಾವಿರದಿಂದ ಹತ್ತು ಸಾವಿರ ಪಟ್ಟಿನಷ್ಟು. ನಿಯಮಗಳು ಹೆಚ್ಚಿದಂತೆ ಅಂತರವೂ ಹೆಚ್ಚುತ್ತಾ ಹೋಯಿತು. ಪಟ್ಟಿ ಓದುವವನಿಗೆ ಹೊರೆ ಏರುತ್ತದೆ, ಮರ ಹತ್ತುವವನಿಗೆ ಅಷ್ಟಾಗಿ ಏರದು ಎಂಬುದಕ್ಕೆ ಇದೇ ಸಾಕ್ಷಿ.

ಮರ ಹೆಮ್ಮರವಾದರೆ?

ಹಾಗಾದರೆ ಎಲ್ಲರೂ ಮರವನ್ನೇ ಕಟ್ಟಬಹುದಲ್ಲ? ಇಲ್ಲೂ ಒಂದು ಮಿತಿ ಇದೆ. ಹೌದು-ಇಲ್ಲ ಎಂಬ ಉತ್ತರದ 20 ಪ್ರಶ್ನೆಗಳಿದ್ದರೆ ಪೂರ್ಣ ಮರಕ್ಕೆ 10,48,576 ಎಲೆಗಳು. ಉತ್ತರ ಬೇಗ ಸಿಕ್ಕೀತು, ಆದರೆ ಮರವನ್ನು ಇಡಲು ಸ್ಮೃತಿಯಲ್ಲಿ ಹೆಚ್ಚು ಜಾಗ ಬೇಕಾಗುತ್ತದೆ.

ನಮ್ಮ ಪುಟ್ಟ ಮರವನ್ನೇ ಮತ್ತೆ ನೋಡಿ. 'ಗೋಪ್ಯವಲ್ಲ' ಎಂಬ ಕೊಂಬೆಯಲ್ಲೂ 'ಗೋಪ್ಯ, ಆದರೆ ತುರ್ತು' ಎಂಬ ಕೊಂಬೆಯಲ್ಲೂ ಮುಂದಿನ ಪ್ರಶ್ನೆಗಳು ಒಂದೇ. ಎರಡು ಸಲ ಬರೆಯುವುದೇಕೆ? ಎರಡು ಕೊಂಬೆಗಳನ್ನೂ ಒಂದೇ ಕಡೆ ಸೇರಿಸಬಹುದು. ಹೀಗೆ ಸಮಾನ ಭಾಗಗಳನ್ನು ಹಂಚಿಕೊಂಡು ಮರವನ್ನು ಕುಗ್ಗಿಸುವ ಕ್ರಮಬದ್ಧ ವಿಧಾನವನ್ನು 1986ರಲ್ಲಿ ರಾಂಡಲ್ ಬ್ರಯಂಟ್ ಪ್ರಕಟಿಸಿದರು. ಅವರ ಉದ್ದೇಶ ವಿದ್ಯುನ್ಮಂಡಲಗಳ ತರ್ಕವನ್ನು ಪರೀಕ್ಷಿಸುವುದಾಗಿತ್ತು. ಅದೇ ವಿಧಾನ ಪ್ರವೇಶ ನೀತಿಗಳಿಗೂ ಒದಗಿಬಂತು.

ಪ್ರಶ್ನೆಗಳ ಕ್ರಮವೂ ಮುಖ್ಯ. ಹತ್ತು ಜೋಡಿ ಗುಣಲಕ್ಷಣಗಳಿವೆ, ಯಾವುದಾದರೂ ಒಂದು ಜೋಡಿಯಲ್ಲಿ ಎರಡೂ ನಿಜವಾದರೆ ಒಪ್ಪಿಗೆ ಎಂದುಕೊಳ್ಳಿ. ಜೋಡಿಯ ಇಬ್ಬರನ್ನೂ ಒಬ್ಬರ ಹಿಂದೆ ಒಬ್ಬರಂತೆ ಕೇಳುತ್ತಾ ಹೋದರೆ 22 ಗಂಟುಗಳ ಚಿತ್ರ ಸಾಕು. ಮೊದಲು ಎಲ್ಲ ಜೋಡಿಗಳ ಮೊದಲನೆಯವರನ್ನು, ಆಮೇಲೆ ಎರಡನೆಯವರನ್ನು ಕೇಳಿದರೆ 2,048 ಗಂಟುಗಳು ಬೇಕು. ಅದೇ ನೀತಿ, ಅದೇ ಉತ್ತರ. ಗಾತ್ರ ಮಾತ್ರ ತೊಂಬತ್ತು ಪಟ್ಟಿಗೂ ಹೆಚ್ಚು. ಅತ್ಯುತ್ತಮ ಕ್ರಮ ಯಾವುದೆಂದು ಕಂಡುಹಿಡಿಯುವುದೇ ಕಠಿಣ ಸಮಸ್ಯೆ. ಹಾಗಾಗಿ ಸಾಕಷ್ಟು ಒಳ್ಳೆಯದಾದ ಕ್ರಮಕ್ಕೆ ತೃಪ್ತಿಪಡುವುದು ರೂಢಿ.

ಮರ ಕಟ್ಟಲು ಹೊತ್ತು ಬೇಕು, ನೀತಿ ಬದಲಾದರೆ ಮತ್ತೆ ಕಟ್ಟಬೇಕು. ಆದರೆ ನೀತಿ ಬದಲಾಗುವುದು ದಿನಕ್ಕೋ ವಾರಕ್ಕೋ ಒಮ್ಮೆ. ಪ್ರಶ್ನೆ ಬರುವುದು ಸೆಕೆಂಡಿಗೆ ಹಲವು ಬಾರಿ. ಒಮ್ಮೆ ಪಟ್ಟ ಶ್ರಮಕ್ಕೆ ಲಕ್ಷ ಸಲ ಫಲ ಸಿಗುತ್ತದೆ.

ಅಗ್ಗದ ಪ್ರಶ್ನೆ ಮೊದಲು

ಎಲ್ಲ ಪ್ರಶ್ನೆಗಳ ಖರ್ಚು ಒಂದೇ ಅಲ್ಲ. ಕೇಳುವವರ ಪಾತ್ರ ಕೋರಿಕೆಯ ಜೊತೆಯಲ್ಲೇ ಬಂದಿರುತ್ತದೆ. ನೋಡಲು 1 ಮೈಕ್ರೋಸೆಕೆಂಡ್ ಸಾಕು. ಪಾಳಿಯ ವಿವರ ಬೇರೊಂದು ಗಣಕದಲ್ಲಿದ್ದು, ಜಾಲದ ಮೂಲಕ ತರಿಸಲು 5 ಮಿಲಿಸೆಕೆಂಡ್, ಅಂದರೆ 5,000 ಮೈಕ್ರೋಸೆಕೆಂಡ್ ಬೇಕು ಎಂದಿಟ್ಟುಕೊಳ್ಳಿ.

ನಿಯಮ 3ರಲ್ಲಿ ಈ ಎರಡೂ ಷರತ್ತುಗಳಿವೆ. ನೂರು ಕೋರಿಕೆಗಳಲ್ಲಿ 60 ನರ್ಸ್‌ಗಳದ್ದಲ್ಲ, 50 ಪಾಳಿಯಲ್ಲಿ ಇಲ್ಲದವರದ್ದು ಎನ್ನಿ. ಪಾಳಿಯನ್ನು ಮೊದಲು ಕೇಳಿದರೆ ಸರಾಸರಿ ಖರ್ಚು 5,000 + 0.5 × 1 = 5,000.5. ಪಾತ್ರವನ್ನು ಮೊದಲು ಕೇಳಿದರೆ 1 + 0.4 × 5,000 = 2,001. ಒಂದು ಷರತ್ತು ಸುಳ್ಳಾದರೆ ಇನ್ನೊಂದನ್ನು ಕೇಳುವ ಅಗತ್ಯವೇ ಇಲ್ಲವಾದ್ದರಿಂದ ಇಷ್ಟು ಉಳಿತಾಯ.

ಇದನ್ನು ಬೀಜಗಣಿತದಲ್ಲಿ ತರಗತಿಯಲ್ಲೇ ಸಾಧಿಸಬಹುದು. ಎರಡು ಷರತ್ತುಗಳ ಖರ್ಚು ಖ₁, ಖ₂. ಅವು ಸುಳ್ಳಾಗುವ ಸಂಭವ ಸ₁, ಸ₂. ಒಂದರ ಫಲ ಇನ್ನೊಂದನ್ನು ಅವಲಂಬಿಸಿಲ್ಲ ಎನ್ನಿ. ಮೊದಲನೆಯದನ್ನು ಮೊದಲು ಕೇಳುವುದು ಲಾಭಕರವಾಗಬೇಕಾದರೆ

ಖ₁ + (1 − ಸ₁) ಖ₂ < ಖ₂ + (1 − ಸ₂) ಖ₁

ಆಗಿರಬೇಕು. ಸುಲಭೀಕರಿಸಿದರೆ ಖ₁/ಸ₁ < ಖ₂/ಸ₂ ಎಂದು ಬರುತ್ತದೆ. ಖರ್ಚನ್ನು ಸುಳ್ಳಾಗುವ ಸಂಭವದಿಂದ ಭಾಗಿಸಿ, ಬಂದ ಸಂಖ್ಯೆ ಯಾವುದಕ್ಕೆ ಚಿಕ್ಕದೋ ಅದನ್ನು ಮೊದಲು ಕೇಳಬೇಕು. ಷರತ್ತುಗಳು ಎಷ್ಟಿದ್ದರೂ ಇದೇ ಸೂತ್ರ.

ನೆನಪಿಟ್ಟುಕೊಳ್ಳುವುದರ ಅಪಾಯ

ನಿಮಿಷದ ಹಿಂದೆ ಕೊಟ್ಟ ಉತ್ತರವನ್ನೇ ನೆನಪಿಟ್ಟುಕೊಂಡು ಮತ್ತೆ ಕೊಟ್ಟರೆ ಲೆಕ್ಕ ಮಾಡುವ ಗೊಡವೆಯೇ ಇಲ್ಲ. ಈ ಉಪಾಯಕ್ಕೆ ಕ್ಯಾಷ್ ಎಂದು ಹೆಸರು. ಎಲ್ಲಕ್ಕಿಂತ ಸುಲಭವಾದ ಉಪಾಯ ಇದು, ಎಲ್ಲಕ್ಕಿಂತ ಅಪಾಯದ್ದೂ ಹೌದು. ಉತ್ತರವನ್ನು ಒಂದು ಗಂಟೆ ನೆನಪಿಡುವ ವ್ಯವಸ್ಥೆಯಲ್ಲಿ ನರ್ಸ್ ಒಬ್ಬರು 3 ಗಂಟೆ 59 ನಿಮಿಷಕ್ಕೆ ಕಡತ ನೋಡಿದರು, 4 ಗಂಟೆಗೆ ಅವರ ಪಾಳಿ ಮುಗಿಯಿತು ಎಂದಿಟ್ಟುಕೊಳ್ಳಿ. 4 ಗಂಟೆ 59 ನಿಮಿಷದವರೆಗೂ ಆ ಕಡತ ಅವರಿಗೆ ತೆರೆದೇ ಇರುತ್ತದೆ. ನೆನಪು ಹಳತಾಗಿದೆ, ಲೋಕ ಬದಲಾಗಿದೆ.

ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ 1975ರಲ್ಲೇ ಈ ಬಗ್ಗೆ ಎಚ್ಚರಿಸಿದ್ದರು. ಪ್ರತಿ ವಸ್ತುವಿನ ಪ್ರತಿ ಬಳಕೆಯನ್ನೂ ಪರೀಕ್ಷಿಸಬೇಕು, ವೇಗಕ್ಕಾಗಿ ಹಳೆಯ ಪರೀಕ್ಷೆಯ ಫಲವನ್ನು ನೆನಪಿಡುವ ಸಲಹೆಗಳನ್ನು ಸಂಶಯದಿಂದಲೇ ನೋಡಬೇಕು ಎಂಬುದು ಅವರ ನಿಲುವು.

ಹಾಗೆಂದು ಕ್ಯಾಷ್ ಬೇಡವೇ ಬೇಡ ಎಂದಲ್ಲ, ಕಟ್ಟುಪಾಡಿನೊಳಗೆ ಬಳಸಬೇಕು. ನೀತಿಗೆ ಒಂದು ಆವೃತ್ತಿ ಸಂಖ್ಯೆ ಕೊಟ್ಟು, ನೆನಪಿಟ್ಟ ಪ್ರತಿ ಉತ್ತರದ ಜೊತೆಗೂ ಅದನ್ನು ಬರೆದಿಡುವುದು ಒಂದು ಕ್ರಮ. ನೀತಿ ಬದಲಾದ ಕೂಡಲೇ ಸಂಖ್ಯೆ ಒಂದು ಏರುತ್ತದೆ. ಹಳೆಯ ಸಂಖ್ಯೆಯ ಉತ್ತರಗಳೆಲ್ಲ ತಾವಾಗಿಯೇ ರದ್ದು. ಸಮಯವನ್ನು ಅವಲಂಬಿಸಿದ ಉತ್ತರವನ್ನು ಆ ಸಮಯ ಮುಗಿಯುವ ಕ್ಷಣಕ್ಕಿಂತ ಆಚೆಗೆ ಇಡಬಾರದು. ಗೂಗಲ್ ಸಂಸ್ಥೆ 2019ರಲ್ಲಿ ವಿವರಿಸಿದ ಜಾಂಜಿಬಾರ್ ಎಂಬ ವ್ಯವಸ್ಥೆ ಗುಣಲಕ್ಷಣಗಳಿಗಿಂತ ಹೆಚ್ಚಾಗಿ ಸಂಬಂಧಗಳನ್ನು ಆಧರಿಸಿದ್ದು. ಅದು ಸೆಕೆಂಡಿಗೆ ಲಕ್ಷಗಟ್ಟಲೆ ಕೋರಿಕೆಗಳಿಗೆ ಉತ್ತರಿಸುತ್ತದೆ. ನೂರರಲ್ಲಿ 95 ಉತ್ತರಗಳು 10 ಮಿಲಿಸೆಕೆಂಡಿನೊಳಗೆ ಬರುತ್ತವೆ ಎಂದು ವರದಿಯಾಗಿತ್ತು. ಅಲ್ಲೂ ಕ್ಯಾಷ್ ಇದೆ. ಜೊತೆಗೆ, ಒಬ್ಬರ ಹಕ್ಕನ್ನು ತೆಗೆದ ಮೇಲೆ ಸೇರಿಸಿದ ಹೊಸ ಮಾಹಿತಿ ಹಳೆಯ ನೆನಪಿನ ಆಧಾರದಲ್ಲಿ ಅವರಿಗೆ ಕಾಣದಂತೆ ನೋಡಿಕೊಳ್ಳುವ ವಿಶೇಷ ಏರ್ಪಾಡೂ ಇದೆ.

ಅರ್ಧ ಬಿಡಿಸಿಟ್ಟ ಲೆಕ್ಕ

50 ರೋಗಿಗಳ ಪಟ್ಟಿಗೆ 50 ಸಲ ಒಂದೇ ಲೆಕ್ಕ ಮಾಡುವುದನ್ನೂ ತಪ್ಪಿಸಬಹುದು. 3x + 2y ಎಂಬ ರಾಶಿಯಲ್ಲಿ x = 5 ಎಂದು ಗೊತ್ತಿದ್ದರೆ 15 + 2y ಎಂದು ಮೊದಲೇ ಬರೆದುಕೊಳ್ಳುತ್ತೀರಿ; ಆಮೇಲೆ y ಮಾತ್ರ ಬದಲಾಗುತ್ತದೆ. ಇಲ್ಲೂ ಹಾಗೆಯೇ. ಕೇಳುವವರು ಮಕ್ಕಳ ವಿಭಾಗದ ವೈದ್ಯೆ, ತುರ್ತು ವಿಭಾಗದ ಪಾಳಿಯಲ್ಲಿಲ್ಲ, ಸಂದರ್ಭ ಸಾಮಾನ್ಯ ಎಂಬುದು ಐವತ್ತು ಕಡತಗಳಿಗೂ ಒಂದೇ. ಇವನ್ನು ನಿಯಮಗಳಲ್ಲಿ ತುಂಬಿದರೆ ಉಳಿಯುವುದು ಒಂದೇ ಸಾಲು: 'ಮಕ್ಕಳ ವಿಭಾಗದ, ಗೋಪ್ಯವಲ್ಲದ ಕಡತಗಳು'. ಇದನ್ನು ನೇರವಾಗಿ ದತ್ತಾಂಶ ಭಂಡಾರಕ್ಕೆ ಕೇಳಿದರೆ ನೋಡಬಹುದಾದ ಕಡತಗಳು ಮಾತ್ರ ಹೊರಬರುತ್ತವೆ. ಇದಕ್ಕೆ 'ಭಾಗಶಃ ಮೌಲ್ಯಮಾಪನ' ಎನ್ನುತ್ತಾರೆ.

ಉತ್ತರವೇ ಸಿಗದಿದ್ದಾಗ

ಪಾಳಿಯ ವಿವರ ಕೊಡಬೇಕಾದ ಗಣಕ ಕೆಟ್ಟು ಕೂತಿದ್ದರೆ? ಎಕ್ಸ್‌ಎಸಿಎಂಎಲ್‌ನಲ್ಲಿ ಒಪ್ಪಿಗೆ, ನಿರಾಕರಣೆಗಳಲ್ಲದೆ ಇನ್ನೆರಡು ಉತ್ತರಗಳಿಗೂ ಜಾಗವಿದೆ: 'ಯಾವ ನಿಯಮವೂ ಅನ್ವಯಿಸದು' ಮತ್ತು 'ನಿರ್ಧರಿಸಲಾಗದು'. ಇವನ್ನು ಸುಮ್ಮನೆ 'ಸುಳ್ಳು' ಎಂದು ಬಗೆದರೆ ನಿರಾಕರಣೆಯ ನಿಯಮವೊಂದು ತಿಳಿಯದಂತೆ ತಪ್ಪಿಹೋಗಬಹುದು. ನಿಯಮಗಳ ಕ್ರಮ ಬದಲಿಸುವಾಗ, ಮರ ಕಟ್ಟುವಾಗ ಈ ಉತ್ತರಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸಂದೇಹ ಬಂದಾಗ ಬಾಗಿಲು ಮುಚ್ಚಿಡುವುದು ಸಾಮಾನ್ಯ ತತ್ತ್ವ. ಆದರೆ ಆಸ್ಪತ್ರೆಯಲ್ಲಿ ಮುಚ್ಚಿದ ಬಾಗಿಲೂ ಜೀವ ತೆಗೆಯಬಹುದು. ಹಾಗಾಗಿ ಅಂಥಲ್ಲಿ ತುರ್ತು ದಾರಿಯೊಂದನ್ನು ಇಡುತ್ತಾರೆ: ವೈದ್ಯರು ಕಾರಣ ಬರೆದು ಕಡತ ತೆರೆಯಬಹುದು, ಯಾರು ಯಾವಾಗ ತೆರೆದರೆಂಬುದು ದಾಖಲಾಗುತ್ತದೆ, ಆಮೇಲೆ ಅದರ ಪರಿಶೀಲನೆ ನಡೆಯುತ್ತದೆ.

ಮಾಡಿ ನೋಡಿ

ಇದನ್ನೆಲ್ಲ ಗಣಕವಿಲ್ಲದೆಯೇ ತರಗತಿಯಲ್ಲಿ ಮಾಡಿ ತೋರಿಸಬಹುದು. ಶಾಲೆಯ ಪ್ರಯೋಗಾಲಯದ ಸಾಮಾನುಗಳನ್ನು ಯಾರು ಯಾವಾಗ ಬಳಸಬಹುದು ಎಂಬುದಕ್ಕೆ ವಿದ್ಯಾರ್ಥಿಗಳಿಂದಲೇ 20 ನಿಯಮ ಬರೆಸಿ, ಒಂದೊಂದನ್ನು ಒಂದೊಂದು ರಟ್ಟಿನ ಚೀಟಿಯ ಮೇಲೆ ಅಂಟಿಸಿ. ತರಗತಿ, ವಸ್ತು, ದಿನ, ಶಿಕ್ಷಕರ ಹಾಜರಿ ಎಂಬ ನಾಲ್ಕು ಗುಣಲಕ್ಷಣ ಸಾಕು. ಎರಡು ಮೂರು ನಿಯಮಗಳು ಎಲ್ಲ ತರಗತಿಗಳಿಗೂ ಅನ್ವಯಿಸುವಂತಿರಲಿ. ನಿರಾಕರಣೆಯೇ ಮೇಲು ಎಂದು ಮೊದಲೇ ಗೊತ್ತುಮಾಡಿ.

ಮೂರು ತಂಡ ಮಾಡಿ. ಮೊದಲ ತಂಡ ಪ್ರತಿ ಪ್ರಶ್ನೆಗೂ ಎಲ್ಲ ಚೀಟಿಗಳನ್ನೂ ಓದಲಿ. ಎರಡನೆಯದು ಚೀಟಿಗಳನ್ನು ಖಾನೆಗಳಲ್ಲಿ ವಿಂಗಡಿಸಿಕೊಳ್ಳಲಿ. ಮೂರನೆಯದು ಮರ ಬರೆದುಕೊಳ್ಳಲಿ. ಮೂರಕ್ಕೂ ಒಂದೇ 30 ಪ್ರಶ್ನೆಗಳನ್ನು ಕೊಡಿ. ಪ್ರತಿ ತಂಡ ಓದಿದ ಚೀಟಿ ಅಥವಾ ಕೇಳಿದ ಪ್ರಶ್ನೆಗಳನ್ನು ಎಣಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಮೂರು ತಂಡಗಳ ಉತ್ತರಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿ. ಉತ್ತರ ಬೇರೆಯಾದ ಕಡೆ ಏಕೆ ಹಾಗಾಯಿತು ಎಂದು ವಿದ್ಯಾರ್ಥಿಗಳೇ ಹುಡುಕಲಿ. ಎಲ್ಲರಿಗೂ ಅನ್ವಯಿಸುವ ನಿಯಮವನ್ನು ಎರಡನೆಯ ತಂಡ ಯಾವುದೋ ಖಾನೆಯಲ್ಲಿ ಹಾಕಲು ಮರೆತಿರುವ ಸಂಭವ ಹೆಚ್ಚು! ಕೊನೆಗೆ ಒಂದು ನಿಯಮವನ್ನು ಬದಲಿಸಿ, ಯಾವ ತಂಡಕ್ಕೆ ಎಷ್ಟು ಕೆಲಸ ಬಿತ್ತು ಎಂದು ನೋಡಿ.

ದೊಡ್ಡ ತಂತ್ರಾಂಶಗಳನ್ನು ಪರೀಕ್ಷಿಸುವುದೂ ಬಹುಮಟ್ಟಿಗೆ ಹೀಗೆಯೇ. ನಿಧಾನವಾದರೂ ಸರಳವಾದ, ಎಲ್ಲ ನಿಯಮ ಓದುವ ವಿಧಾನವನ್ನು ಒರೆಗಲ್ಲಾಗಿ ಇಟ್ಟುಕೊಳ್ಳುತ್ತಾರೆ. ವೇಗದ ವಿಧಾನಕ್ಕೂ ಅದಕ್ಕೂ ಅದೇ ಪ್ರಶ್ನೆಗಳನ್ನು ಕೊಟ್ಟು, ಒಂದೂ ಉತ್ತರ ಭಿನ್ನವಾಗದಿದ್ದರೆ ಮಾತ್ರ ಹೊಸದನ್ನು ಬಳಕೆಗೆ ತರುತ್ತಾರೆ.

ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಜನರ ಮಾಹಿತಿಯನ್ನು ಇಟ್ಟುಕೊಂಡವರು ಅದನ್ನು ಕಾಪಾಡಲು ತಕ್ಕ ಕ್ರಮ ಕೈಗೊಳ್ಳಬೇಕೆಂದು ಹೇಳುತ್ತದೆ. ನಿಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಮುಂದೆ ಇಂಥ ನಿಯಮಗಳನ್ನು ಬರೆಯುವವರು, ಅವನ್ನು ನಡೆಸುವ ತಂತ್ರಾಂಶ ಕಟ್ಟುವವರು ಆಗಬಹುದು. ಮೊದಲಲ್ಲಿ ಹೇಳಿದ ವೈದ್ಯೆಯ ಕಡತ ಆ ರಾತ್ರಿ ತಕ್ಷಣ ತೆರೆಯಬೇಕು. ಅದೇ ಕಡತ ಮರುದಿನ, ಕುತೂಹಲಕ್ಕೆ ಇಣುಕುವವರಿಗೆ ಅಷ್ಟೇ ತಕ್ಷಣ ಮುಚ್ಚಿಕೊಳ್ಳಬೇಕು. ಇವೆರಡನ್ನೂ ಒಟ್ಟಿಗೆ ಮಾಡಬಲ್ಲ ಬಾಗಿಲನ್ನು ಕಟ್ಟುವುದಕ್ಕೆ ಬೇಕಾದ ಗಣಿತದ ಬಹುಭಾಗ ಈಗಾಗಲೇ ನಿಮ್ಮ ಪಠ್ಯಪುಸ್ತಕದಲ್ಲಿದೆ.